ಹೋದ ವರ್ಷದ ಯೂನಿಫಾರಂ ಈ ವರ್ಷವೂ ಆಗ್ತಿದೆಯಾ?

ಜೂನ್ ಬಂತು, ಶಾಲೆ ಶುರು. ಹೋದ ವರ್ಷ ಅಳತೆ ಕೊಟ್ಟು ಹೊಲಿಸಿದ ಯೂನಿಫಾರಂ ಈ ವರ್ಷವೂ ಮಗುವಿಗೆ ಸರಿಯಾಗಿ ಕೂತರೆ, "ಸದ್ಯ, ಖರ್ಚು ಉಳೀತು" ಅಂತೀರಿ ಅಲ್ವಾ? ನಾನು ಹೇಳ್ತೀನಿ, ಖುಷಿ ಪಡಬೇಡಿ. ಮೊದಲು ಟೇಪ್ ತಗೊಳ್ಳಿ.

ನಮ್ಮಲ್ಲಿ ಮಕ್ಕಳ ಎತ್ತರ ನೋಡೋದು ಹೇಗೆ? ಪಕ್ಕದ ಮನೆ ಹುಡುಗನ ಜೊತೆ ನಿಲ್ಲಿಸಿ. "ಅವನು ನೋಡು ಹೇಗೆ ಬೆಳೆದಿದ್ದಾನೆ!" ಮುಗೀತು. ಆದರೆ ಮಗು ಇವತ್ತು ಎಷ್ಟು ಎತ್ತರ ಇದೆ ಅನ್ನೋದು ಅರ್ಧ ಕಥೆ ಮಾತ್ರ. ಒಂದು ವರ್ಷದಲ್ಲಿ ಎಷ್ಟು ಬೆಳೆಯಿತು? ಮಕ್ಕಳ ವೈದ್ಯರಿಗೆ ಬೇಕಿರೋದು ಆ ಲೆಕ್ಕ.

5 ವರ್ಷದಿಂದ ಪ್ರಾಯಕ್ಕೆ ಬರುವವರೆಗೆ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತೆ, 2ರಿಂದ 3 ಕೆಜಿ ತೂಕ ಏರುತ್ತೆ. ಕುಳ್ಳಗಿದ್ದರೂ ಈ ವೇಗದಲ್ಲಿ ಬೆಳೀತಿದ್ದರೆ ಹೆಚ್ಚಿನ ಸಲ ಅದು ಅಪ್ಪ-ಅಮ್ಮನಿಂದ ಬಂದ ಎತ್ತರ. ವರ್ಷಕ್ಕೆ 4 ಸೆಂ.ಮೀ. ಕೂಡ ಬೆಳೆಯದಿದ್ದರೆ, ನೋಡೋಕೆ ಗುಂಡುಗುಂಡಾಗಿದ್ದರೂ ವೈದ್ಯರ ಹತ್ತಿರ ಹೋಗಲೇಬೇಕು.

ಮನೆತನದ ಎತ್ತರ ಅಂದಾಜು ಮಾಡೋಕೂ ಒಂದು ಲೆಕ್ಕ ಇದೆ. ಅಪ್ಪ-ಅಮ್ಮನ ಎತ್ತರ ಕೂಡಿಸಿ. ಗಂಡುಮಗುವಾದರೆ 13 ಸೇರಿಸಿ, ಹೆಣ್ಣುಮಗುವಾದರೆ 13 ಕಳೆಯಿರಿ. ಬಂದದ್ದನ್ನು 2ರಿಂದ ಭಾಗಿಸಿ. ಅಪ್ಪ 167, ಅಮ್ಮ 150 ಸೆಂ.ಮೀ. ಇದ್ದರೆ ಮಗ 165, ಮಗಳು 152ರ ಆಸುಪಾಸು. ಆಚೆ ಈಚೆ 8 ಸೆಂ.ಮೀ. ವ್ಯತ್ಯಾಸ ಸಹಜ.

ಇನ್ನು 6, 7ನೇ ಕ್ಲಾಸಿನ ಗ್ರೂಪ್ ಫೋಟೋ ನೋಡಿ. ಹುಡುಗಿಯರೇ ಎತ್ತರ! ಅವರ ಜೋರು ಬೆಳವಣಿಗೆ ಹುಡುಗರಿಗಿಂತ ಸುಮಾರು 2 ವರ್ಷ ಮೊದಲೇ ಬರುತ್ತೆ. ಮುಗಿಯೋದೂ ಮೊದಲೇ. "ದೊಡ್ಡವಳಾದ ಮೇಲೆ ತಾನಾಗಿ ಬೆಳೀತಾಳೆ ಬಿಡಿ" ಅಂತ ಅಜ್ಜಿಯಂದಿರು ಸಮಾಧಾನ ಹೇಳ್ತಾರೆ. ವಿಜ್ಞಾನ ಹೇಳೋದು ಉಲ್ಟಾ. ಹುಡುಗಿ ಋತುಮತಿಯಾದ ಮೇಲೆ ಸಾಮಾನ್ಯವಾಗಿ ಉಳಿಯೋದು 5ರಿಂದ 7 ಸೆಂ.ಮೀ. ಅಷ್ಟೇ. ಕಾಯಬೇಡಿ ಅನ್ನೋದು ಇದಕ್ಕೇ. 8 ವರ್ಷ ತುಂಬುವ ಮೊದಲೇ ಪ್ರಾಯದ ಲಕ್ಷಣ ಕಂಡರಂತೂ ತಡ ಮಾಡಲೇಬೇಡಿ.

ಯಾಕೆ ಗೊತ್ತಾ? ಎಲುಬಿನ ತುದಿಯಲ್ಲಿ ಬೆಳೆಯುವ ಮೆತ್ತನೆಯ ಪದರ ಇರುತ್ತೆ. ಪ್ರಾಯ ಮುಗಿಯುತ್ತಾ ಬಂದಂತೆ ಅದು ಗಟ್ಟಿಯಾಗಿ ಮುಚ್ಚಿಹೋಗುತ್ತೆ. ಆಮೇಲೆ ಕಂಬಿಗೆ ಜೋತುಬಿದ್ದರೂ ಇಲ್ಲ, ಡಬ್ಬಿಗಟ್ಟಲೆ ಪುಡಿ ಕುಡಿಸಿದರೂ ಇಲ್ಲ. ಬ್ರೇಕ್‌ನಲ್ಲಿ ಬರುವ ಜಾಹೀರಾತು ನೀವೂ ನೋಡ್ತೀರಿ, ನಾನೂ ನೋಡ್ತೀನಿ. ಕುಡಿದ ಹುಡುಗ ಮಾಡು ಮುಟ್ಟುತ್ತಾನೆ! ಬೆಳವಣಿಗೆ ನಿಧಾನವಾಗಿದ್ದರೆ ಪುಡಿ ಬದಲಿಸೋದಲ್ಲ, ಕಾರಣ ಹುಡುಕಬೇಕು. ಹೊಟ್ಟೆಗೆ ಸಾಲದ ಊಟ ಇರಬಹುದು, ಪದೇಪದೇ ಬರುವ ಕಾಯಿಲೆ ಇರಬಹುದು, ಥೈರಾಯ್ಡ್ ಕೊರತೆ ಇರಬಹುದು. ಎತ್ತರ ನಿಂತು ತೂಕ ಮಾತ್ರ ಏರುತ್ತಿದ್ದರೆ ಥೈರಾಯ್ಡ್ ನೋಡಿಸಲೇಬೇಕು. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ, ದಿನಕ್ಕೊಂದು ಮಾತ್ರೆಯಲ್ಲಿ ಸರಿಹೋಗುತ್ತೆ. ಆದರೆ ತಡವಾಗಿ ಗೊತ್ತಾದರೆ ಕಳೆದುಕೊಂಡ ಎತ್ತರವೆಲ್ಲ ವಾಪಸ್ ಬರಲ್ಲ.

ಸರ್ಕಾರಕ್ಕೂ ಒಂದು ಮಾತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಆ ಮಕ್ಕಳೇ ಇವತ್ತು ಶಾಲೆಯಲ್ಲಿರೋದು. ಬಿಸಿಯೂಟ, ಹಾಲು, ಮೊಟ್ಟೆ ಕೊಡ್ತಿದ್ದೀರಿ, ಒಳ್ಳೆಯದು. ಅದರ ಫಲ ಏನಾಯ್ತು ಅಂತ ಅಳೆದು, ಪ್ರತಿ ಮಗುವಿನ ಗೆರೆಯನ್ನು ತಾಯಿಗೆ ತೋರಿಸಿ. ಅಂಗನವಾಡಿಯಲ್ಲಿ ಶುರುವಾದ ಗೆರೆ 1ನೇ ಕ್ಲಾಸಿನ ಬಾಗಿಲಲ್ಲಿ ನಿಲ್ಲಬಾರದು.

ಅಲ್ಲಿವರೆಗೆ ಮನೆಯಲ್ಲೇ ಮಾಡಿ. ಚಪ್ಪಲಿ ಬಿಚ್ಚಿಸಿ, ಜುಟ್ಟು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ. ತಲೆ ಮೇಲೆ ಗಟ್ಟಿ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ. 6 ತಿಂಗಳಿಗೊಮ್ಮೆ, ಅದೇ ಗೋಡೆ, ಅದೇ ಟೇಪ್. ಗೋಡೆ ಹಾಳಾಗುತ್ತೆ ಅಂತೀರಾ? ಗೋಡೆಗೆ ಯಾವಾಗ ಬೇಕಾದರೂ ಸುಣ್ಣ ಹೊಡೆಸಬಹುದು. ಮಗುವಿಗೆ ಬೆಳೆಯುವ ವಯಸ್ಸು ಇನ್ನೊಂದು ಸಲ ಬರಲ್ಲ.