ನೆಲ ನುಂಗುವ ಬೆಳಕು

ತಮಿಳುನಾಡು ಸರಕಾರ 2011ರಲ್ಲಿ ಹಳ್ಳಿಗಳ ಬಡವರಿಗಾಗಿ ಸೌರವಿದ್ಯುತ್ತಿನ ಹಸಿರುಮನೆ ಯೋಜನೆ ತಂದಾಗ ಮನೆಯ ಅಳತೆಯನ್ನು 300 ಚದರಡಿ ಎಂದು ಗೊತ್ತುಮಾಡಿತು. ಐದು ಸಿಎಫ್ಎಲ್ ದೀಪಗಳನ್ನೂ ಲೆಕ್ಕಕ್ಕೆ ಸೇರಿಸಿತು: ಹಜಾರಕ್ಕೆ, ಮಲಗುವ ಕೋಣೆಗೆ, ಅಡುಗೆಮನೆಗೆ, ಶೌಚಾಲಯಕ್ಕೆ, ಜಗಲಿಗೆ ಒಂದೊಂದು. 2024ರಲ್ಲಿ ಬಂದ ಕಲೈಞರ್ ಕನವು ಇಲ್ಲಂ ಯೋಜನೆಯಲ್ಲಿ ಅಳತೆ 360 ಚದರಡಿಗೆ ಏರಿದೆ, ಕೊಡುವ ಹಣ ಮೂರೂವರೆ ಲಕ್ಷ. ಕರ್ನಾಟಕದ ಗಡಿಗೆ ತಾಗಿದ ತಾಳವಾಡಿ ತಾಲೂಕಿನಲ್ಲಿ ಮಣ್ಣಿನ ಗೋಡೆ, ಹೆಂಚಿನ ಮಾಡು ಬಿಟ್ಟು ಮೊದಲ ಸಲ ತಾರಸಿ ಮನೆಗೆ ಕಾಲಿಡುವವರ ಮನೆ ಹೆಚ್ಚುಕಡಿಮೆ ಇದೇ ಅಳತೆಯದು. ಗೋಡೆ, ಮಾಡು ಎದ್ದು ನಿಲ್ಲುವಷ್ಟರಲ್ಲಿ ಹಣ ಮುಗಿದಿರುತ್ತದೆ. ನೆಲಕ್ಕೆ ಬೂದು ಸಿಮೆಂಟು ಬಳಿದು, ಕೋಣೆಗೊಂದು ಬಲ್ಬು ನೇತುಹಾಕಿ ಹಾಲುಕ್ಕಿಸುತ್ತಾರೆ. ಮನೆಯವರೇ ಕೈಯಾರೆ ಮಾಡಿಕೊಳ್ಳುವ ಕೆಲಸ ಅಲ್ಲಿಂದ ಮುಂದಿನದು.

ಆ ಕೆಲಸದಲ್ಲಿ ನೆಲ ಬೇರೆ, ದೀಪ ಬೇರೆ ಎಂದು ಎಣಿಸುವುದರಿಂದಲೇ ಹೆಚ್ಚಿನ ಹಣ ಪೋಲಾಗುತ್ತದೆ. ಕಿಟಕಿಯಿಂದ ಬರುವ ಆಕಾಶದ ಬೆಳಕು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮೊದಲು ಬೀಳುವುದು ನೆಲದ ಮೇಲೆ. ನೆಲ ಅದನ್ನು ಎತ್ತಿ ಸೂರಿಗೆ ಎಸೆದರೆ ಕೋಣೆಯ ಒಳಮೂಲೆಗೂ ಬೆಳಕು ಮುಟ್ಟುತ್ತದೆ. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ತಿರುಗಿ ಕೊಡುತ್ತದೆ. ಕೆನೆಬಣ್ಣದ ಟೈಲು ಅರ್ಧದಷ್ಟು, ಬೂದು ಸಿಮೆಂಟು ಕಾಲು ಭಾಗ, ಕೆಂಪು ಆಕ್ಸೈಡ್ ನೆಲ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಕೊಡುತ್ತವೆ. ನೆರೆಯ ಚಾಮರಾಜನಗರದ ಹೆಸರಾಂತ ಕರಿಕಲ್ಲು ಅಷ್ಟನ್ನೂ ಕೊಡುವುದಿಲ್ಲ. ಇವೆಲ್ಲ ಅಂದಾಜಿನ ಲೆಕ್ಕವೇ, ಆದರೂ ಅಂತರ ಎಷ್ಟು ದೊಡ್ಡದೆಂಬುದು ಇದರಿಂದ ಗೊತ್ತಾಗುತ್ತದೆ. ಕರಿನೆಲ ಬೇಡವೆಂದೇನೂ ಅಲ್ಲ. ಅದನ್ನು ಆರಿಸಿಕೊಂಡವರು ಗೋಡೆಗೂ ಸೂರಿಗೂ ಅಚ್ಚ ಬಿಳಿ ಬಳಿಯಬೇಕು, ಇಲ್ಲವೇ ದೀಪಕ್ಕೆ ಹೆಚ್ಚು ಹಣ ಕೊಡಬೇಕು.

ಹಳೆಯ ಮನೆಯ ಸಗಣಿ ಸಾರಿಸಿದ ನೆಲ ಕೂಡ ಬೆಳಕನ್ನು ನುಂಗುವಂಥದೇ. ಈ ಸೀಮೆಯಲ್ಲಿ ಸಗಣಿಗೆ ಇರುವ ಮರ್ಯಾದೆ ಸಣ್ಣದಲ್ಲ. ದೀಪಾವಳಿ ಕಳೆದ ಮೇಲೆ ಗುಮಟಾಪುರದ ಗೊರೆಹಬ್ಬದಲ್ಲಿ ಊರ ಸಗಣಿಯನ್ನೆಲ್ಲ ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕಿ ಒಬ್ಬರ ಮೇಲೊಬ್ಬರು ಎರಚಿಕೊಳ್ಳುತ್ತಾರೆ. ಮಣ್ಣುನೆಲ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಕಾಲಿಗೆ ಕೊರೆಯುವುದಿಲ್ಲ, ಬಿದ್ದ ಮಗುವಿಗೆ ಪೆಟ್ಟು ಕಡಿಮೆ, ಬಿರುಕು ಬಿಟ್ಟರೆ ಮನೆಯವರೇ ಒಂದು ಬೆಳಗಿನಲ್ಲಿ ಸರಿಮಾಡಿಕೊಳ್ಳಬಹುದು. ಗೋಡೆಯ ಬುಡಕ್ಕೆ ಕೆಮ್ಮಣ್ಣು, ಅದರ ಮೇಲೆ ಸುಣ್ಣ ಬಳಿಯುವ ಹಳೆಯ ಪದ್ಧತಿಯೂ ಬರೀ ಅಂದಕ್ಕಲ್ಲ: ಸಾರಿಸುವಾಗ ಸಿಡಿದ ಕಲೆ ಕೆಂಪಿನಲ್ಲಿ ಅಡಗುತ್ತದೆ, ಮೇಲಿನ ಬಿಳಿ ಬೆಳಕನ್ನು ಹಂಚುತ್ತದೆ. ಆದರೆ ಮಣ್ಣುನೆಲವನ್ನು ನೀರು ಸುರಿದು ತೊಳೆಯಲಾಗದು, ವಾರ ವಾರ ಸಾರಿಸುವ ದುಡಿಮೆಯೆಲ್ಲ ಮನೆಯ ಹೆಂಗಸರ ತಲೆಗೆ ಬೀಳುತ್ತದೆ. ಮಣ್ಣುನೆಲವನ್ನು ಹೊಗಳಿ ಬರೆಯುವ ಪಟ್ಟಣದವರು ಈ ಮಾತನ್ನು ಹೇಳುವುದು ಅಪರೂಪ.

ಯಾವ ನೆಲ ಬೇಕೆಂದು ಗೊತ್ತುಮಾಡುವ ಮೊದಲು ಇರುವ ನೆಲದ ತೇವ ನೋಡಬೇಕು. ಎರಡಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕು ಅಂಚಿಗೂ ಟೇಪು ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಹನಿಗಟ್ಟಿದ್ದರೆ ತೇವ ಭೂಮಿಯಿಂದ ಏಳುತ್ತಿದೆ. ಮೇಲ್ಗಡೆ ಹನಿಯಿದ್ದರೆ ಅದು ಗಾಳಿಯದು. ಮೊದಲನೆಯದಾದರೆ ಟೈಲು, ಬಣ್ಣ, ವಿನೈಲ್ ಹಾಳೆ ಯಾವುದೂ ಬಾಳುವುದಿಲ್ಲ. ಮನೆಯ ಹೊರಸುತ್ತಿನಲ್ಲಿ ಮಳೆನೀರು ಪಾಯದ ಬಳಿ ನಿಲ್ಲದಂತೆ ಮಣ್ಣು ಏರಿಸಿ ವಾಟ ಕೊಡುವುದು ಅದರ ಮೊದಲ ಮದ್ದು. ಅದಕ್ಕೆ ಹಾರೆ, ಗುದ್ದಲಿ ಸಾಕು. ಅಕ್ಟೋಬರ್, ನವೆಂಬರಿನ ಹಿಂಗಾರು ಕಳೆದು ನೆಲ ಆರಿದ ಮೇಲೆ, ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ, ಒಳಗಿನ ಕೆಲಸ ಹಿಡಿಯುವುದು ಒಳ್ಳೆಯದು. ಏಪ್ರಿಲಿನ ಬಿಸಿಲಿಗೆ ಬಿಟ್ಟರೆ ಸಿಮೆಂಟು ಸೀಳುತ್ತದೆ, ಅಷ್ಟರಲ್ಲಿ ಬಾವಿಯ ನೀರೂ ಕಡಿಮೆಯಾಗಿರುತ್ತದೆ.

ಕೆಂಪು ಆಕ್ಸೈಡ್ ನೆಲದ ಬಗ್ಗೆ ತುಸು ವಿವರವಾಗಿ ಹೇಳಬೇಕು, ಯಾಕೆಂದರೆ ಇಂದಿಗೂ ಕಡಿಮೆ ಹಣದಲ್ಲಿ ಹೆಚ್ಚು ಕಾಲ ಬಾಳುವ ನೆಲ ಇದೇ, ಮತ್ತು ಆತುರದಿಂದ ಕೆಡುವ ನೆಲವೂ ಇದೇ. ಮಣ್ಣುನೆಲದ ಮೇಲೆ ನೇರವಾಗಿ ಇದನ್ನು ಹಾಕುವಂತಿಲ್ಲ. ಅರ್ಧ ಅಡಿ ಅಗೆದು, ಮಣ್ಣಿಗೆ ನೀರು ಚಿಮುಕಿಸಿ ದಮ್ಮಸು ಮಾಡಿ, ಮರಳು ಹಾಸಿ, ಒಂದು ಪಾಲು ಸಿಮೆಂಟು, ನಾಲ್ಕು ಮರಳು, ಎಂಟು ಜಲ್ಲಿಯ ಕಾಂಕ್ರೀಟನ್ನು ಮೂರು ಇಂಚು ಹಾಕಬೇಕು. ಅದರ ಮೇಲೆ ಒಂದಿಂಚಿನಷ್ಟು ಒಂದಕ್ಕೆ ನಾಲ್ಕರ ಗಾರೆ. ಹತ್ತಡಿ ಉದ್ದಗಲದ ಕೋಣೆಗೆ ಈ ಗಾರೆಗೆ ಹೆಚ್ಚುಕಡಿಮೆ ಎರಡು ಮೂಟೆ ಸಿಮೆಂಟು ಹಿಡಿಯುತ್ತದೆ. ಗಾರೆ ಹಸಿಯಿರುವಾಗಲೇ ಮೇಲೆ ಬಣ್ಣದ ತೆಳು ಪದರ ಬರಬೇಕು. ಬಣ್ಣ ಸಿಮೆಂಟಿನ ತೂಕದ ಹತ್ತನೆಯ ಒಂದು ಪಾಲು ಮೀರದಿದ್ದರೆ ಗಟ್ಟಿತನಕ್ಕೆ ಕೇಡಿಲ್ಲ, ಎಂದರೆ 50 ಕಿಲೋ ಮೂಟೆಗೆ 5 ಕಿಲೋ. ಕೆಲವು ಮೇಸ್ತ್ರಿಗಳು ಕೆಂಪು ಗಾಢವಾಗಲೆಂದು ಇದರ ಎರಡು, ಮೂರು ಪಟ್ಟು ಸುರಿಯುತ್ತಾರೆ. ಅಂಥ ನೆಲ ಒರೆಸಿದಾಗಲೆಲ್ಲ ಬಟ್ಟೆಗೆ ಕೆಂಪು ಹತ್ತುತ್ತದೆ. ಬಣ್ಣ ಮತ್ತು ಸಿಮೆಂಟನ್ನು ಒಣಗಿದ್ದಾಗಲೇ ಬೆರೆಸಿ, ಜರಡಿ ಹಿಡಿದು, ಇಡೀ ಕೋಣೆಗಾಗುವಷ್ಟನ್ನು ಒಂದೇ ಸಲ ಕಲಸಿಟ್ಟುಕೊಳ್ಳಬೇಕು. ಎರಡನೆಯ ಸಲ ಕಲಸಿದ್ದು ಮೊದಲಿನ ಬಣ್ಣಕ್ಕೆ ಎಂದೂ ಕೂಡುವುದಿಲ್ಲ. ನೀರು ಹಾಕುವುದು ಮಾತ್ರ ಬೇಕಾದಷ್ಟಕ್ಕೆ, ಆಗಿಂದಾಗ್ಗೆ.

ಕರಣೆಯಿಂದ ಉಜ್ಜುವುದು ಇದರಲ್ಲಿ ಅತಿ ಕಷ್ಟದ ಹಂತ. ಬೇಗ ಉಜ್ಜಿದರೆ ನೀರು ಮೇಲೆದ್ದು ಪುಡಿಯಾಗುತ್ತದೆ, ತಡವಾದರೆ ಕರಣೆಯ ಗೀರು ಉಳಿಯುತ್ತದೆ. ಆ ಹದ ಗೊತ್ತಿರುವುದು ಬರಿಯ ಕೈಗೆ, ಓದಿ ಬರುವಂಥದಲ್ಲ. ಆದ್ದರಿಂದ ಅಗೆತ, ದಮ್ಮಸು, ಕಾಂಕ್ರೀಟು ಮನೆಯವರು ಮಾಡಿಕೊಂಡು, ಉಜ್ಜುವ ಒಂದು ದಿನಕ್ಕೆ ನುರಿತ ಮೇಸ್ತ್ರಿಯನ್ನು ಕರೆಯುವುದೇ ಜಾಣತನ. ಕೋಣೆಯ ಮೂಲೆಯಿಂದ ಶುರುವಾಗಿ ಬಾಗಿಲಿಗೆ ಮುಗಿಯಬೇಕು, ನಡುವೆ ಊಟಕ್ಕೆ ಎದ್ದು ಹೋದರೆ ಕೆಲಸ ನಿಲ್ಲಿಸಿದ ಗೆರೆ ನೆಲದಲ್ಲಿ ಉಳಿಯುತ್ತದೆ.

ಆಮೇಲಿನ ಕೆಲಸ ಮತ್ತೆ ಮನೆಯವರದೇ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ಸಾಮಾನ್ಯ ತಿಳುವಳಿಕೆ. ನಿಜದಲ್ಲಿ ಅದು ನೀರಿನೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಮರುದಿನ ಹೊಸ್ತಿಲಿಗೆ ಮಣ್ಣಿನ ಸಣ್ಣ ಬದು ಕಟ್ಟಿ ಕನಿಷ್ಠ ಏಳು ದಿನ ನೀರು ನಿಲ್ಲಿಸಬೇಕು. ಆ ದಿನಗಳಲ್ಲಿ ಆ ಕೋಣೆಯ ವಿದ್ಯುತ್ತನ್ನು ಮೇನಿನಲ್ಲೇ ಆರಿಸಿಟ್ಟಿರಬೇಕು. ಸಿಮೆಂಟು ಸುಣ್ಣದಂತೆ ಕ್ಷಾರ, ಬರಿಗೈಯಲ್ಲಿ ದಿನವಿಡೀ ಆಡಿದರೆ ಚರ್ಮ ಸುಡುತ್ತದೆ. ರಬ್ಬರ್ ಕೈಗವಸು ಹಾಕಿಕೊಳ್ಳಿ. ನೆಲ ಪೂರ್ತಿ ಆರಿದ ಮೇಲೆ ಮೇಣವನ್ನೋ ತೆಂಗಿನೆಣ್ಣೆಯನ್ನೋ ತೆಳುವಾಗಿ ಹಚ್ಚಿ ಒಣಬಟ್ಟೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ವರುಷಗಟ್ಟಲೆ ಓಡಾಡಿದ ಮೇಲೆ ಇನ್ನೂ ಚೆನ್ನಾಗಿ ಕಾಣುವ ನೆಲ ಇದು.

ಟೈಲಿನ ಹಾದಿ ಬೇರೆ. ಬೂದು ಸಿಮೆಂಟಿನ ನೆಲ ಗಟ್ಟಿಯಿದ್ದರೆ ಅದನ್ನು ಒಡೆಯದೆ, ಉಳಿಯಿಂದ ಅಲ್ಲಲ್ಲಿ ಕಚ್ಚು ಹಾಕಿ, ತೊಳೆದು, ಟೈಲ್ ಅಂಟಿನಿಂದ ಕೂರಿಸಬಹುದು. ಬಾಗಿಲು ಉಜ್ಜದಷ್ಟು ಎತ್ತರ ಉಳಿಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಟೈಲನ್ನು ಸತ್ಯಮಂಗಲದಿಂದ ತಂದರೆ ಸರಕು ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಬೇಕು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದ ಬಳಿಕ ಅಲ್ಲಿ ರಾತ್ರಿ ಓಡಾಟಕ್ಕೆ ನಿರ್ಬಂಧವಿದೆ. ಚಾಮರಾಜನಗರದಿಂದ ತರುವವರಿಗೆ ಆ ಘಟ್ಟದ ತಾಪತ್ರಯವಿಲ್ಲ. ಎಲ್ಲಿಂದ ತಂದರೂ ಹೆಚ್ಚುವರಿಯನ್ನು ಒಂದೇ ಸಲ ತನ್ನಿ. ಹತ್ತಡಿ ಕೋಣೆಗೆ ಎರಡಡಿಯ ಟೈಲು 25 ಹಿಡಿಯುತ್ತದೆ, ಒಡೆಯುವುದಕ್ಕೂ ಕತ್ತರಿಸುವುದಕ್ಕೂ ಇನ್ನು ಮೂರು ಇರಲಿ. ಕೂರಿಸಿದ ಮರುದಿನ ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆ ಅಂಟು ಹಿಡಿದಿಲ್ಲ ಎಂದರ್ಥ. ಕನ್ನಡಿಯಂಥ ಹೊಳಪಿನ ಟೈಲನ್ನು ನಾನು ಈ ಊರುಗಳಿಗೆ ಹೇಳಲಾರೆ. ಎಲೆಕೋಸಿನ ಹೊಲದಿಂದಲೋ ಕಬ್ಬಿನ ಗದ್ದೆಯಿಂದಲೋ ಒದ್ದೆಕಾಲಲ್ಲಿ ಬರುವವರು ಜಾರುತ್ತಾರೆ, ಮಣ್ಣಿನ ಹೆಜ್ಜೆ ಒಂದೊಂದೂ ಎದ್ದು ಕಾಣುತ್ತದೆ. ಒಳಗೆ ಹೊಳಪಿಲ್ಲದ ಕೆನೆಬಣ್ಣ, ಜಗಲಿಗೆ ಒರಟುಕಲ್ಲು, ಬಚ್ಚಲಿಗೆ ಒಂದಡಿಯ ಒರಟು ಟೈಲು. ಬಚ್ಚಲ ವಾಟ ಐದಡಿಗೆ ಒಂದಿಂಚು.

ಇನ್ನು ಬೆಳಕು. ಹೆಂಚಿನ ಮಾಡಿರುವವರು ದೀಪದ ಅಂಗಡಿಗೆ ಹೋಗುವ ಮುಂಚೆ ಗಾಜಿನ ಹೆಂಚಿನ ಲೆಕ್ಕ ಹಾಕಿನೋಡಲಿ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಕೂರುತ್ತವೆ. ಮೋಡ ಮುಸುಕಿದ ಹಗಲಲ್ಲೂ ಬಯಲಿನ ಬೆಳಕು ಚದರ ಮೀಟರಿಗೆ 10,000 ಲ್ಯುಮೆನ್, ಎಂದರೆ 10,000 ಲಕ್ಸ್‌ನಷ್ಟಿರುತ್ತದೆ. ಧೂಳಿಗೂ ಗಾಜಿಗೂ ಮೂರರಲ್ಲೊಂದು ಪಾಲು ಕಳೆದರೂ ಒಂದು ಗಾಜಿನ ಹೆಂಚಿನಿಂದ ಒಳಗಿಳಿಯುವುದು 400 ಲ್ಯುಮೆನ್‌ಗೂ ಮಿಗಿಲು, ಎಂದರೆ 9 ವಾಟಿನ ಎಲ್ಇಡಿ ಬಲ್ಬಿನ ಅರ್ಧದಷ್ಟು. ನೆತ್ತಿಯ ಮೇಲಿನ ಬಿಸಿಲು ನೇರವಾಗಿ ಬಿದ್ದರೆ ಅದರ ಹತ್ತು ಪಟ್ಟು. ಆ ಬಿಸಿಲಿನ ಜೊತೆ ಸೆಕೆಯೂ ಬರುತ್ತದೆ, ಹಾಗಾಗಿ ಉತ್ತರದ ಇಳಿಜಾರಿನಲ್ಲಿ ಎರಡು ಹೆಂಚು ಸಾಕು, ಅವನ್ನು ವರುಷಕ್ಕೊಮ್ಮೆ ತೊಳೆಯಬೇಕು. ತಾರಸಿ ಮನೆಯವರಿಗೆ ಈ ಸೌಲಭ್ಯವಿಲ್ಲ. ಅವರು ಕಿಟಕಿಯ ಒಳಪಕ್ಕದ ಗೋಡೆದಪ್ಪಕ್ಕೆ ಬಿಳಿ ಬಳಿಯಲಿ, ಕಿಟಕಿಗೆ ಬೆನ್ನು ಹಾಕಿಸಿ ನಿಲ್ಲಿಸಿದ ಬೀರುವನ್ನು ಬೇರೆ ಗೋಡೆಗೆ ಸರಿಸಲಿ. ಇವೆರಡಕ್ಕೆ ಆಗುವ ಖರ್ಚು ಒಂದು ಡಬ್ಬ ಬಣ್ಣದ್ದು.

ರಾತ್ರಿಯ ಲೆಕ್ಕವೂ ಸುಲಭ. 9 ವಾಟಿನ ಬಲ್ಬು ಕೊಡುವುದು 900 ಲ್ಯುಮೆನ್. ಹತ್ತಡಿ ಕೋಣೆ ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚು. ಬಿಳಿ ಗೋಡೆ, ತಿಳಿನೆಲವಿದ್ದರೆ ಅರ್ಧದಷ್ಟು ಬೆಳಕು ಕೆಲಸಕ್ಕೆ ಬರುತ್ತದೆ, ಸುಮಾರು 50 ಲಕ್ಸ್. ಹೊಗೆ ಹಿಡಿದ ಗೋಡೆ, ಕರಿನೆಲವಾದರೆ 30 ಉಳಿದರೆ ಹೆಚ್ಚು. ಓಡಾಡಲು ಇದು ಸಾಕು. ಮಕ್ಕಳು ಓದಲು 300 ಬೇಕು. ಇಡೀ ಕೋಣೆಯನ್ನು 300ಕ್ಕೆ ಏರಿಸುವುದು ದುಂದು. ದೀಪವನ್ನು ಅರ್ಧ ದೂರಕ್ಕೆ ತಂದರೆ ಅದರಿಂದ ನೇರವಾಗಿ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಓದುವ ಜಾಗಕ್ಕೆ ಒಂದು ಮೇಜುದೀಪ ಇಳಿಸಿ. ಅಡುಗೆಮನೆಯಲ್ಲಿ ಬಲ್ಬು ಸಾಮಾನ್ಯವಾಗಿ ಬೆನ್ನ ಹಿಂದಿರುತ್ತದೆ, ಹೆಚ್ಚುವ ಮಣೆಯ ಮೇಲೆ ಬೀಳುವುದು ಅಡುಗೆ ಮಾಡುವವರ ನೆರಳು. ಒಲೆಯಿಂದ ದೂರ, ಕಟ್ಟೆಯ ಮೇಲಿನ ಗೂಡಿನ ಅಡಿಗೆ ಒಂದು ಸಣ್ಣ ಎಲ್ಇಡಿ ಪಟ್ಟಿ ಹಾಕಿದರೆ ಇಡೀ ಮನೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ದೀಪ ಅದೇ. ಬಣ್ಣ ಆರಿಸುವಾಗ ಪೆಟ್ಟಿಗೆಯ ಮೇಲೆ ನೋಡಿ: 6,500 ಕೆಲ್ವಿನ್ ಎಂದರೆ ನೀಲಿಮಿಶ್ರಿತ ಬಿಳಿ, 3,000 ಎಂದರೆ ಅರಿಸಿನದ ಛಾಯೆ. ಕೆಂಪು ನೆಲ ಮೊದಲನೆಯದರಲ್ಲಿ ಕಳೆಗೆಟ್ಟು ಕಾಣುತ್ತದೆ, ಎರಡನೆಯದರಲ್ಲಿ ಮೈದುಂಬುತ್ತದೆ.

ಬಲ್ಬು, ಮೇಜುದೀಪ ನಮ್ಮ ಕೈಯ ಕೆಲಸ. ಗೋಡೆಯೊಳಗಿನ ತಂತಿ ಲೈಸೆನ್ಸಿರುವ ವೈರ್‌ಮನ್‌ನದು. ನೆಲ ಅಗೆಯುವ ಮುಂಚೆಯೇ ಅವರನ್ನು ಕರೆದು ಪೈಪು ಹಾಯಿಸಿಕೊಳ್ಳಿ, ನೆಲದ ಅಂಚಿನಲ್ಲಿ ಒಂದು ಖಾಲಿ ಪೈಪೂ ಇರಲಿ. ಭೂತಂತಿ ಸರಿಯಿದೆಯೇ ಎಂದು ನೋಡಿಸಿ, ಕರೆಂಟು ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಒದ್ದೆನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ಮನೆಗಳಲ್ಲಿ ಜೀವ ಉಳಿಸುವುದು ಅದು. ತಮಿಳುನಾಡಿನಲ್ಲಿ 2016ರಿಂದ ಎರಡು ತಿಂಗಳಿಗೆ 100 ಯೂನಿಟ್ ಮನೆಗಳಿಗೆ ಉಚಿತ. 9 ವಾಟಿನ ಐದು ದೀಪ ದಿನಕ್ಕೆ ಐದು ತಾಸು ಉರಿದರೆ ಎರಡು ತಿಂಗಳಿಗೆ 14 ಯೂನಿಟ್ ಕೂಡ ಆಗುವುದಿಲ್ಲ, ದೀಪಕ್ಕಾಗಿ ಬಿಲ್ಲಿಗೆ ಹೆದರಬೇಕಾದ್ದಿಲ್ಲ. ಕರೆಂಟು ಹೋಗಿ ಬಂದು ಮಾಡುವ ಕಾಡಂಚಿನ ಮನೆಗೆ 12 ವೋಲ್ಟ್, 40 ಆಂಪಿಯರ್-ತಾಸಿನ ಬ್ಯಾಟರಿ ಅರ್ಧ ಇಳಿಯುವಷ್ಟರಲ್ಲಿ ಇದೇ ಐದು ದೀಪಗಳನ್ನು ಐದು ತಾಸು ನಡೆಸುತ್ತದೆ. ಅರ್ಧಕ್ಕಿಂತ ಕೆಳಗೆ ದಿನವೂ ಇಳಿಸಿದರೆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ.

ಅಂಗಳದ ದೀಪಕ್ಕೆ ಇಲ್ಲಿ ಬೇರೆಯದೇ ಲೆಕ್ಕ. 2013ರಲ್ಲಿ ಘೋಷಣೆಯಾದ ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶ ಪಕ್ಕದಲ್ಲೇ ಇದೆ, ಬೆಳೆಗೆ ಆನೆ ಬರುತ್ತದೆ, ಕೊಟ್ಟಿಗೆಗೆ ಚಿರತೆ ಬರುತ್ತದೆ. ಹೆದರಿ ಜಗಲಿಯ ಮೇಲೆ ಕಣ್ಣು ಕುಕ್ಕುವ ದೊಡ್ಡ ದೀಪ ಹಾಕಿದವರಿಗೆ ಅಂಗಳ ಹಗಲಾಗುತ್ತದೆ, ಬೇಲಿಯಾಚೆ ಏನೂ ಕಾಣುವುದಿಲ್ಲ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಒಂದು ಪ್ರಖರ ದೀಪ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಸೂರಿನ ಅಂಚಿನಡಿಗೆ, ಬೆಳಕು ಕೆಳಕ್ಕಷ್ಟೇ ಬೀಳುವಂತೆ ತಗಡಿನ ಮುಚ್ಚಳವಿರುವ ಅರಿಸಿನ ಛಾಯೆಯ ಸಣ್ಣ ದೀಪ ಹಾಕಿ. ಹುಳುಗಳೂ ಕಡಿಮೆ ಮುತ್ತುತ್ತವೆ. ಹೊರಗಿನ ಶೌಚಾಲಯದ ದಾರಿಗೆ ಇನ್ನೊಂದು ದೀಪವಿರಲಿ, ಅದರ ಸ್ವಿಚ್ಚು ಮಾತ್ರ ಮನೆಯೊಳಗೆ, ಬಾಗಿಲು ತೆಗೆಯುವ ಮೊದಲೇ ಕೈಗೆ ಸಿಗುವ ಎತ್ತರದಲ್ಲಿರಬೇಕು. ಬಾಗಿಲ ಪಕ್ಕದ ಕಿಟಕಿಯಿಂದ ಆ ದಾರಿಯ ಉದ್ದಕ್ಕೂ ಕಾಣುತ್ತದೆಯೇ ಎಂದು ಹಗಲಲ್ಲೇ ನಿಂತು ನೋಡಿ, ಆಮೇಲೆ ವೈರ್‌ಮನ್‌ಗೆ ಜಾಗ ಗುರುತು ಮಾಡಿಕೊಡಿ.