ಕೂದಲು ಕೀಳುವ ಗೀಳು: ಗದರಿದರೆ ಹೋಗದು, ಚಿಕಿತ್ಸೆಗೆ ಬಗ್ಗೀತು

ಪರೀಕ್ಷೆಗೆ ಓದುವಾಗ, ಟಿ.ವಿ. ನೋಡುವಾಗ, ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿರುವಾಗ ಕೈ ತಾನಾಗಿ ತಲೆಯತ್ತ ಸರಿಯುತ್ತದೆ. ಬೆರಳುಗಳು ಒರಟಾದ ಒಂದು ಎಳೆಯನ್ನು ಹುಡುಕಿ ಹಿಡಿಯುತ್ತವೆ, ಎಳೆಯುತ್ತವೆ. ಮತ್ತೊಂದು, ಮಗದೊಂದು. ಅರ್ಧ ಗಂಟೆಯ ಬಳಿಕ ಪುಸ್ತಕದ ಮೇಲೆ ಬಿದ್ದ ಕೂದಲನ್ನು ಕಂಡಾಗಲೇ ಆಗಿದ್ದೇನೆಂಬುದು ಅರಿವಿಗೆ ಬರುತ್ತದೆ. ಇದು ಬರೀ ಕೆಟ್ಟ ಚಟವಲ್ಲ. ವೈದ್ಯಶಾಸ್ತ್ರ ಗುರುತಿಸಿರುವ ಮಾನಸಿಕ ಸಮಸ್ಯೆ. ಹೆಸರು ಟ್ರೈಕೋಟಿಲೊಮೇನಿಯಾ.

ಫ್ರಾನ್ಸಿನ ಚರ್ಮವೈದ್ಯ ಫ್ರಾಂಸ್ವಾ ಹೆನ್ರಿ ಹಲೋಪೊ 1889ರಲ್ಲಿ ಗ್ರೀಕ್ ಪದಗಳನ್ನು ಜೋಡಿಸಿ ಈ ಹೆಸರನ್ನಿಟ್ಟರು. ಆದರೆ ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಇದಕ್ಕೆ ಸ್ಥಾನ ಸಿಕ್ಕಿದ್ದು 1987ರಲ್ಲಿ. 2013ರಲ್ಲಿ ಇದನ್ನು ಗೀಳು ಕಾಯಿಲೆ ಮತ್ತು ಅದರ ಸಂಬಂಧಿ ಸಮಸ್ಯೆಗಳ ಗುಂಪಿಗೆ ಸೇರಿಸಲಾಯಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಇದನ್ನು ಚರ್ಮ ಕೆರೆದುಕೊಳ್ಳುವ ಗೀಳಿನ ಜೊತೆಗೇ ಇರಿಸಿದೆ.

ಎಷ್ಟು ಮಂದಿಗೆ?

ಅಮೆರಿಕದಲ್ಲಿ ಸುಮಾರು 10 ಸಾವಿರ ವಯಸ್ಕರನ್ನು ಒಳಗೊಂಡು ನಡೆದು 2020ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 1.7ರಷ್ಟು ಜನರಲ್ಲಿ ಈ ಸಮಸ್ಯೆ ಕಂಡುಬಂದಿತು. ಸ್ತ್ರೀಯರು ಹಾಗೂ ಪುರುಷರ ಪ್ರಮಾಣ ಹೆಚ್ಚುಕಡಿಮೆ ಸಮವಾಗಿತ್ತು. ಆದರೂ ಚಿಕಿತ್ಸೆಗೆ ಬರುವವರಲ್ಲಿ ಸ್ತ್ರೀಯರೇ ಅಧಿಕ. ಗಂಡಸರು ತಲೆ ಬೋಳಿಸಿಕೊಂಡೋ, ವಂಶದ ಬೊಕ್ಕತಲೆ ಎಂದು ಹೇಳಿಕೊಂಡೋ ಮರೆಮಾಚುವುದು ಸುಲಭ.

ಸಾಮಾನ್ಯವಾಗಿ 10ರಿಂದ 13ರ ವಯಸ್ಸಿನಲ್ಲಿ ಇದು ಆರಂಭವಾಗುತ್ತದೆ. ತೀರ ಚಿಕ್ಕ ಮಕ್ಕಳು ನಿದ್ದೆಯ ಹೊತ್ತಿಗೆ ಕೂದಲು ಎಳೆದುಕೊಳ್ಳುವುದುಂಟು. ಅದು ಬಹುಪಾಲು ತಾನಾಗಿ ನಿಂತುಹೋಗುತ್ತದೆ. ಹದಿಹರೆಯದಲ್ಲಿ ಹಿಡಿದ ಗೀಳು ಮಾತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೆಲವು ತಿಂಗಳು ತಣ್ಣಗಿದ್ದು ಮತ್ತೆ ಹೆಡೆಯೆತ್ತುವುದು ಇದರ ಸ್ವಭಾವ.

ಎರಡು ಬಗೆ

ಅರಿವಿಲ್ಲದೆ ಕೀಳುವುದು ಒಂದು ಬಗೆ. ಓದು, ಪ್ರಯಾಣ, ಬೇಸರದ ಹೊತ್ತು ಇದಕ್ಕೆ ಸಮಯ. ಇನ್ನೊಂದು ಅರಿವಿದ್ದೇ ಕೀಳುವುದು. ಆತಂಕ, ಸಿಟ್ಟು, ಒತ್ತಡ ಏರಿದಾಗ ಕೀಳಲೇಬೇಕೆಂಬ ತುಡಿತ ಹುಟ್ಟುತ್ತದೆ. ಕಿತ್ತಾಗ ಕ್ಷಣಕಾಲ ಹಗುರವೆನಿಸುತ್ತದೆ, ಬೆನ್ನಿಗೇ ನಾಚಿಕೆ, ಪಶ್ಚಾತ್ತಾಪ. ಆ ಪಶ್ಚಾತ್ತಾಪವೇ ಒತ್ತಡವನ್ನು ಹೆಚ್ಚಿಸಿ ಕೈಯನ್ನು ಪುನಃ ತಲೆಗೆ ಒಯ್ಯುತ್ತದೆ. ಅನೇಕರಲ್ಲಿ ಎರಡೂ ಬಗೆ ಬೆರೆತಿರುತ್ತವೆ. ನೆತ್ತಿಯಷ್ಟೇ ಅಲ್ಲ, ಹುಬ್ಬು, ರೆಪ್ಪೆಗೂದಲು, ಗಡ್ಡವೂ ಇದಕ್ಕೆ ತುತ್ತಾಗುತ್ತವೆ. ತಮ್ಮನ್ನು ನೋಯಿಸಿಕೊಳ್ಳುವ ಉದ್ದೇಶ ಇಂಥವರಿಗಿರುವುದಿಲ್ಲ ಎಂಬುದನ್ನು ಮನೆಯವರು ಗಮನಿಸಬೇಕು.

ನಮ್ಮಲ್ಲಿ ಕೇಶ ಕೇವಲ ಕೇಶವಲ್ಲ. ಉದ್ದ ಜಡೆ, ಮುಡಿತುಂಬ ಮಲ್ಲಿಗೆ ಹೆಣ್ಣಿನ ಲಕ್ಷಣವೆಂದೇ ಎಣಿಕೆ. ಹೀಗಾಗಿ ನೆತ್ತಿಯಲ್ಲಿ ಬೋಳು ಮಚ್ಚೆಯಿರುವ ಹುಡುಗಿ ಬೈತಲೆ ಬದಲಿಸುತ್ತಾಳೆ, ಕ್ಲಿಪ್ಪು ಸಿಕ್ಕಿಸುತ್ತಾಳೆ, ದುಪಟ್ಟಾ ಹೊದೆಯುತ್ತಾಳೆ. ಮದುವೆ ಮನೆ, ಈಜುಕೊಳ, ಗಾಳಿ ಬೀಸುವ ಬಸ್ಸಿನ ಕಿಟಕಿ ಎಲ್ಲದಕ್ಕೂ ಅಂಜುತ್ತಾಳೆ. ಎಣ್ಣೆ ಹಚ್ಚಿ ತಲೆ ಬಾಚುವ ತಾಯಿಯ ಕಣ್ಣಿಗೆ ಅದು ಬಿದ್ದ ದಿನ ಮನೆಯಲ್ಲಿ ರಂಪ. ಹರಕೆ ಹೊತ್ತು ಮುಡಿ ಕೊಡಿಸಿದರೆ ಸರಿಹೋದೀತೆಂಬ ನಂಬಿಕೆಯೂ ಕೆಲವೆಡೆ ಇದೆ. ಆದರೆ ಕೂದಲು ಮರಳಿ ಬೆಳೆದಾಗ ತುಡಿತವೂ ಮರಳಬಹುದು. ಏಕೆಂದರೆ ತೊಂದರೆಯಿರುವುದು ಕೂದಲಿನಲ್ಲಲ್ಲ.

ಗುರುತಿಸುವುದು ಹೇಗೆ?

ತಲೆಯಲ್ಲಿ ಮಚ್ಚೆ ಕಂಡರೆ ಮೊದಲು ಚರ್ಮವೈದ್ಯರ ಬಳಿಗೆ ಹೋಗುವುದು ವಾಡಿಕೆ, ಅದು ಸರಿಯೂ ಹೌದು. ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಉಂಟಾಗುವ ಅಲೋಪೇಷಿಯಾ ಅರಿಯೇಟಾದಲ್ಲಿ ಮಚ್ಚೆ ದುಂಡಗೆ, ನುಣುಪಾಗಿರುತ್ತದೆ. ಕಿತ್ತ ಜಾಗದಲ್ಲಿಯಾದರೋ ಅಂಚು ಅಡ್ಡಾದಿಡ್ಡಿ, ತುಂಡಾದ ಕೂದಲು ಉದ್ದ ಗಿಡ್ಡ. ಎರಡಕ್ಕೂ ಚಿಕಿತ್ಸೆ ಬೇರೆ. ಸಂಕೋಚದಿಂದ ನಿಜ ಹೇಳದಿದ್ದರೆ ಮುಲಾಮು ಹಚ್ಚುವುದರಲ್ಲೇ ವರ್ಷಗಳು ಕಳೆದುಹೋಗುತ್ತವೆ. ದೀರ್ಘಕಾಲ ಒಂದೇ ಜಾಗದಲ್ಲಿ ಕೀಳುತ್ತ ಹೋದರೆ ಬುಡವೇ ಹಾಳಾಗಿ ಅಲ್ಲಿ ಕೂದಲು ಮತ್ತೆ ಬಾರದಿರಬಹುದು.

ಇನ್ನೊಂದು ಅಪಾಯವನ್ನು ಕಡೆಗಣಿಸುವಂತಿಲ್ಲ. ಕೆಲವರು ಕಿತ್ತ ಕೂದಲನ್ನು ಬಾಯಿಗೆ ಹಾಕಿ ನುಂಗುತ್ತಾರೆ. ಅದು ಜೀರ್ಣವಾಗದೆ ಜಠರದಲ್ಲಿ ಉಂಡೆಗಟ್ಟುತ್ತದೆ. ಉಂಡೆಯ ಬಾಲ ಸಣ್ಣ ಕರುಳಿಗೂ ಇಳಿದರೆ ಅದನ್ನು ರಪುಂಜೆಲ್ ಸಿಂಡ್ರೋಮ್ ಎನ್ನುತ್ತಾರೆ. 1968ರಲ್ಲಿ ಮೊದಲು ದಾಖಲಾದ ಈ ಸ್ಥಿತಿಗೆ ಶಸ್ತ್ರಚಿಕಿತ್ಸೆಯೇ ದಾರಿ. ಕೂದಲು ಕೀಳುವ ಮಗುವಿಗೆ ಪದೇಪದೇ ಹೊಟ್ಟೆನೋವು, ವಾಂತಿ, ತೂಕ ಇಳಿಕೆ ಕಂಡರೆ ತಡಮಾಡದೆ ವೈದ್ಯರಿಗೆ ವಿಷಯ ತಿಳಿಸಬೇಕು.

ಚಿಕಿತ್ಸೆ ಏನು?

ಮೊದಲ ಆಯ್ಕೆ ಮಾತ್ರೆಯಲ್ಲ, ವರ್ತನಾ ಚಿಕಿತ್ಸೆ. ಮನೋವಿಜ್ಞಾನಿಗಳಾದ ನೇಥನ್ ಅಜ್ರಿನ್ ಹಾಗೂ ಗ್ರೆಗರಿ ನನ್ 1973ರಲ್ಲಿ ರೂಪಿಸಿದ ಅಭ್ಯಾಸ ಬದಲಿಸುವ ತರಬೇತಿ ಇದರ ಅಡಿಪಾಯ. ಅದರಲ್ಲಿ ಮುಖ್ಯವಾಗಿ ಮೂರು ಹೆಜ್ಜೆ. ಯಾವಾಗ, ಎಲ್ಲಿ, ಯಾವ ಮನಸ್ಥಿತಿಯಲ್ಲಿ ಕೈ ಮೇಲೇಳುತ್ತದೆ ಎಂದು ಬರೆದಿಟ್ಟು ಗಮನಿಸುವುದು ಮೊದಲನೆಯದು. ತುಡಿತ ಬಂದೊಡನೆ ಮುಷ್ಟಿ ಬಿಗಿಹಿಡಿಯುವಂಥ ಪರ್ಯಾಯ ಕ್ರಿಯೆಯನ್ನು ಒಂದೆರಡು ನಿಮಿಷ ಮಾಡುವುದು ಎರಡನೆಯದು. ಮನೆಯ ಒಬ್ಬರು ಗದರದೆ ನೆನಪಿಸಿ, ಗೆದ್ದಾಗ ಬೆನ್ನು ತಟ್ಟುವುದು ಮೂರನೆಯದು.

ಸಣ್ಣಪುಟ್ಟ ಉಪಾಯಗಳೂ ನೆರವಾಗುತ್ತವೆ. ಓದುವಾಗ ಟೋಪಿ ಅಥವಾ ಬಟ್ಟೆ ಕಟ್ಟಿಕೊಳ್ಳುವುದು, ಬೆರಳ ತುದಿಗೆ ಪಟ್ಟಿ ಸುತ್ತುವುದು, ಕೂದಲು ಜಾರುವಂತೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆಯುವುದು, ಕೈಗೆ ಮಣಿಸರವನ್ನೋ ಮೃದು ಚೆಂಡನ್ನೋ ಕೊಡುವುದು, ಕನ್ನಡಿಯ ಮುಂದೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡುವುದು ಇತ್ಯಾದಿ. ಇವು ಕೈಯನ್ನು ತಡೆಯುತ್ತವೆಯೇ ಹೊರತು ತುಡಿತವನ್ನು ಅಳಿಸಲಾರವು. ಆದ್ದರಿಂದ ತರಬೇತಿಯ ಜೊತೆಗೇ ಇವು ನಡೆಯಬೇಕು.

ಇದಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮೋದಿಸಿದ ಮದ್ದು ಇಲ್ಲ. ಆದರೂ ಭರವಸೆಯ ಸುಳಿವುಗಳಿವೆ. 50 ವಯಸ್ಕರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಪಡೆದವರ ಪೈಕಿ ಶೇ 56ರಷ್ಟು ಮಂದಿ ಚೇತರಿಸಿಕೊಂಡರು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಈ ಪ್ರಮಾಣ ಶೇ 16 ಮಾತ್ರ. ಮಕ್ಕಳ ಮೇಲಿನ 2013ರ ಪ್ರಯೋಗದಲ್ಲಿ ಅದೇ ಮದ್ದು ಫಲ ಕೊಡಲಿಲ್ಲ. ಮೆಮಾಂಟೀನ್ ಎಂಬ ಔಷಧವನ್ನು ಕೂದಲು ಕೀಳುವ ಹಾಗೂ ಚರ್ಮ ಕೆರೆಯುವ ಗೀಳಿನ 100 ವಯಸ್ಕರ ಮೇಲೆ ಪರೀಕ್ಷಿಸಿದಾಗ ಶೇ 60ರಷ್ಟು ಜನರಿಗೆ ಗುಣ ಕಂಡಿತೆಂದು 2023ರಲ್ಲಿ ವರದಿಯಾಯಿತು. ಇವೆಲ್ಲ ವೈದ್ಯರ ನಿಗಾದಲ್ಲಿ ಮಾತ್ರ ಬಳಸಬೇಕಾದವು. ಅಂಗಡಿಯಿಂದ ತಂದು ನುಂಗತಕ್ಕವಲ್ಲ.

ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರನ್ನೂ ಕಾಣಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ದೊರೆಯುತ್ತದೆ. ಆರೋಗ್ಯ ವಿಮೆಯಲ್ಲಿ ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳಿಗೂ ರಕ್ಷಣೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದೆ.

ಚಿಕಿತ್ಸೆಯ ಗುರಿ ಮತ್ತೆಂದೂ ಒಂದು ಎಳೆಯನ್ನೂ ಕೀಳದಿರುವುದಲ್ಲ. ತಿಂಗಳುಗಟ್ಟಲೆ ಬಿಟ್ಟಿದ್ದು ಒಂದು ರಾತ್ರಿ ಕೈ ಸೋತರೆ ಅದು ಎಲ್ಲವೂ ವ್ಯರ್ಥವಾದಂತಲ್ಲ. ಮರುದಿನ ಮತ್ತೆ ತೊಡಗಿದರಾಯಿತು. ಮನೆಯವರಿಗೂ ಒಂದು ಕೆಲಸವಿದೆ. "ಕೈ ತೆಗಿ" ಎಂದು ದಿನಕ್ಕೆ ಹತ್ತು ಬಾರಿ ಗದರುವ ಬದಲು, ಹಗಲು ಹೇಗೆ ಕಳೆಯಿತೆಂದು ಒಮ್ಮೆ ಕೇಳಿದರೆ ಹೆಚ್ಚು ಉಪಕಾರವಾದೀತು.