ಹಳೇ ಫೈಬರ್ ದೋಣಿ ಕೊಳ್ತೀರಾ? ಮೊದಲು ತಟ್ಟಿ ನೋಡಿ

2022ರಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಹಿರಿಯೂರು, ಹೊಸದುರ್ಗದ ಕಡೆ ಅದರ ಹಿನ್ನೀರಲ್ಲಿ ಮೀನು ಹಿಡಿಯೋಕೆ ಹಳೇ ಫೈಬರ್ ದೋಣಿ ಕೊಳ್ಳೋರು ಮುಂಗಡ ಕೊಡೋ ಮೊದಲು ಇದನ್ನ ಕೇಳಿ.

ಫೈಬರ್ ಕೊಳೆಯಲ್ಲ. ಕೊಳೆಯೋದು ಅದರೊಳಗೆ ಮುಚ್ಚಿಹೋಗಿರೋ ಮರ, ಪ್ಲೈವುಡ್. ಅದರಲ್ಲೂ ಮೋಟಾರ್ ಕೂರಿಸೋ ಹಿಂಬದಿ ಹಲಗೆ. ಬೋಲ್ಟ್ ತೂತಿನಿಂದ ನೀರು ಒಳಗೆ ಇಳಿದಿರುತ್ತೆ, ಹೊರಗೆ ಹೊಸ ಬಣ್ಣ ಫಳಫಳ ಅಂತಿರುತ್ತೆ.

ಸುತ್ತಿಗೆಯ ಹಿಡಿಯಿಂದ ಇಂಚಿಂಚೂ ತಟ್ಟಿ. ಸಂತೇಲಿ ತೆಂಗಿನಕಾಯಿ ತಟ್ಟಿ ಕೇಳ್ತೀವಲ್ಲ, ಹಾಗೆ. ಟಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಅನುಮಾನ. ಮೋಟಾರ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಹಲಗೆಯೇ ಬಾಗಿದ್ರೆ ಆ ದೋಣಿ ಬೇಡ. ಕಾಲಿಟ್ಟಾಗ ನೆಲ ಮೆತ್ತಗೆ ಕುಸಿದರೂ ಅನುಮಾನವೇ. ಮಾರೋರನ್ನ ಕೇಳಿ ಹಿಂಬದಿ ಹಲಗೆಯ ಕೆಳಗಿನ ಒಂದು ಸ್ಕ್ರೂ ಬಿಚ್ಚಿಸಿ. ಕಂದು ನೀರು, ಒದ್ದೆ ಪುಡಿ ಬಂತಾ? ಒಳಗೆ ಕೊಳೆತಿದೆ.

ಕಡಲಲ್ಲಿ ಬಾಳಿದ ದೋಣಿ ಇಲ್ಲೂ ಬಾಳುತ್ತೆ ಅಂದ್ಕೋಬೇಡಿ. ಉಪ್ಪುನೀರಿಗಿಂತ ಸಿಹಿನೀರಲ್ಲಿ ಮರಕ್ಕೆ ಶಿಲೀಂಧ್ರ ಬೇಗ ಹತ್ತುತ್ತೆ. ಮಳೆನೀರು ನಿಂತ ದೋಣಿಯಂತೂ ಇನ್ನೂ ಬೇಗ ಹಾಳಾಗುತ್ತೆ.

ಹಲಗೆ ಬದಲಿಸೋ ಖರ್ಚು ಮೊದಲು ವಿಚಾರಿಸಿ, ಆಮೇಲೆ ಬೆಲೆ ಮಾತಾಡಿ. ದೋಣಿ ಎಷ್ಟೇ ಗಟ್ಟಿಯಿದ್ರೂ ಲೈಫ್ ಜಾಕೆಟ್ ಇಲ್ಲದೆ ನೀರಿಗಿಳೀಬೇಡಿ.